ಒಣ ತೂಕ

ಮಂಗಳ, ಗುರು, ಶನಿ. ಬೆಳಗಿನ ಪಾಳಿ ನಮ್ಮದು.
ಐದು ಮಂಚ, ಐದು ಯಂತ್ರ, ನಾಲ್ಕು ತಾಸು,
ಗೋಡೆಯ ಟೀವಿಯಲ್ಲಿ ದನಿ ಆರಿಸಿದ ಅಡುಗೆ ಕಾರ್ಯಕ್ರಮ.
ಎರಡು ವರ್ಷ ಒಬ್ಬರನ್ನೊಬ್ಬರು ನೋಡಿದ್ದೆಲ್ಲ
ಹೆಚ್ಚೂಕಡಿಮೆ ಮಲಗಿಯೇ.
ನೆಟ್ಟಗೆ ನಿಂತರೆ ಬೈಲಪ್ಪ ಇಷ್ಟು ಎತ್ತರ ಅಂತ
ಗೊತ್ತಾದದ್ದು ಲಾಲ್‌ಬಾಗಿನ ಗೇಟಿನಲ್ಲಿ,
ಟಿಕೆಟ್ಟಿಗೆ ಸಾಲು ನಿಂತಾಗ.

ಮೊದಲು ಆಸೆಪಟ್ಟದ್ದು ನಂದಿ ಬೆಟ್ಟಕ್ಕೆ.
ಸಿಸ್ಟರ್ ಲಿನ್ಸಿ ಮೆಟ್ಟಿಲು ಎಣಿಸಿ, ನಮ್ಮನ್ನೂ ಎಣಿಸಿ,
"ಬೆಟ್ಟವೇ ಬೇಕಿದ್ರೆ ಊರೊಳಗೇ ಒಂದಿದೆ" ಅಂದಳು.
ಹಾಗಾಗಿ ಈ ಬಂಡೆ.
ವಯಸ್ಸು ಮುನ್ನೂರು ಕೋಟಿ ವರ್ಷ, ಎನ್ನುತ್ತದೆ ಫಲಕ.
"ನೋಡು, ಯಾರ ಕೈಲೂ ಸೂಜಿ ಚುಚ್ಚಿಸ್ಕೊಂಡಿಲ್ಲ"
ಅಂದ ಏಳುಮಲೈ.
ಹೆಸರಲ್ಲೇ ಏಳು ಬೆಟ್ಟ ಅವನಿಗೆ,
ಅರ್ಧ ಬಂಡೆಗೇ ಏದುಸಿರು.

ಗೇಟಿನಾಚೆ, ನಮಗೆ ಬೇಡವೆಂದು ಬರೆದುಕೊಟ್ಟದ್ದೆಲ್ಲ
ತಳ್ಳುಗಾಡಿ ಏರಿ ಕೂತಿತ್ತು:
ಎಳನೀರು, ಕಲ್ಲಂಗಡಿ,
ಉಪ್ಪುಖಾರ ಮೆತ್ತಿಕೊಂಡು ಸೀಳಿ ನಗುವ ಮಾವಿನಕಾಯಿ.
ಶಮೀಮ್ ಟೀಚರ್ ಕಣ್ಣು ಮುಚ್ಚಿ ದಾಟಿದರು,
ಮೂಗು ಮುಚ್ಚಲು ಮರೆತರು.

ಪುಟ್ಟಗೌರಮ್ಮನದು ಮಾರ್ಕೆಟ್ಟಿನ ಕಣ್ಣು, ನಲವತ್ತು ವರ್ಷ ಹೂ ಮಾರಿದ ಕಣ್ಣು.
ಕಂಡ ಕಂಡ ಗಿಡಕ್ಕೆ ತೀರ್ಪು:
"ಇದು ಮಾರಕ್ಕೆ ಬರಲ್ಲ. ಇದೂ ಅಷ್ಟೆ.
ಇದು ಬರುತ್ತೆ, ಸಾಯಂಕಾಲದ ತನಕ ಬಾಳಲ್ಲ."
ಆಟೋ ಮೀಟರು ರಿಪೇರಿಯ ನನಗೆ ಹೂವಿನ ಬಗ್ಗೆ ಏನು ಗೊತ್ತು,
ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದೆ.

ಆ ಬೂರುಗದ ಮರ.
ಬೇರಲ್ಲ ಅದು, ಗೋಡೆ; ಸಂದಿಯಲ್ಲಿ ಸಂಸಾರ ಹೂಡಬಹುದು.
ಸ್ಕೂಲು ಮಕ್ಕಳಿಗೆ ಹುಡುಗಿಯೊಬ್ಬಳು ವಿವರಿಸುತ್ತಿದ್ದಳು:
"ಇಂಥ ಮರ ದಿನಕ್ಕೆ ನೂರಾರು ಲೀಟರ್ ನೀರು ಕುಡಿಯುತ್ತೆ."
ನಾವು ಐವರೂ ಒಟ್ಟಿಗೆ ತಲೆ ಎತ್ತಿದೆವು.
ನಮ್ಮ ಚೀಲಗಳಲ್ಲಿ ಒಂದೊಂದು ಅರ್ಧ ಲೀಟರಿನ ಬಾಟಲಿ,
ಅದರ ಮೇಲೆ ಮಾರ್ಕರಿನ ಗೆರೆ:
ಹತ್ತು ಗಂಟೆ, ಒಂದು ಗಂಟೆ, ನಾಲ್ಕು ಗಂಟೆ.
"ಅಷ್ಟೂ ನೀರು ಎಲ್ಲಿ ಹೋಗುತ್ತಮ್ಮ?" ಟೀಚರ್ ಕೇಳಿದರು.
"ಎಲೆಯಿಂದ ಗಾಳಿಗೆ, ಆಂಟಿ."
ಯಾರೂ ಮಾತಾಡಲಿಲ್ಲ.
ಹೋಗಲು ದಾರಿ ಇದೆ, ಅದಕ್ಕೇ ಕುಡಿಯುತ್ತದೆ.
ನೆರಳು ಮಾತ್ರ ತಣ್ಣಗೆ ನಮ್ಮ ಹೆಗಲ ಮೇಲೂ ಬಿದ್ದಿತ್ತು.

ತೊಗಟೆಗೆ ಕಿವಿಯಿಟ್ಟ ಒಬ್ಬ ಪೋರ
"ಏನೂ ಕೇಳ್ಸಲ್ಲ ಮಿಸ್, ಸುಳ್ಳು" ಅಂದ.
ಬೈಲಪ್ಪ ತೋಳು ಮಡಚಿದ.
ಮೊಣಕೈಯ ಬಳಿ ಹಾವಿನ ಹಾಗೆ ಉಬ್ಬಿದ ನರ,
ವೈದ್ಯರು ಎರಡನ್ನು ಒಂದು ಮಾಡಿ ಹೊಲಿದದ್ದು.
"ಇಲ್ಲಿ ಕೇಳು ಮರಿ."
ಕಿವಿಯಿಟ್ಟವನ ಬಾಯಿ ತೆರೆದೇ ಇತ್ತು.
"ಅಂಕಲ್ ಒಳಗೆ ಜೇನುಹುಳ ಐತೆ!"
ಆಮೇಲೆ ಮೂವತ್ತು ಕಿವಿಗಳ ಸಾಲು.
ಹಳೇ ಕಂಡಕ್ಟರು ಬೈಲಪ್ಪ ಎದ್ದು ಬಂದ:
"ಒಬ್ಬೊಬ್ರೇ, ಒಬ್ಬೊಬ್ರೇ! ಚಿಲ್ಲರೆ ರೆಡಿ ಇಟ್ಕೊಳ್ಳಿ,
ಹಿಂದಿನ ತೋಳು ಖಾಲಿ ಇದೆ!"
ಹಿಂದಿನ ತೋಳು ನನ್ನದು.
ಮುಚ್ಚಿಟ್ಟುಕೊಳ್ಳಲು ಬೇಸಿಗೆಯಲ್ಲೂ ಉದ್ದ ತೋಳು ಹಾಕುವವನು ನಾನು,
ಗುಂಡಿ ಬಿಚ್ಚಿದೆ.
ಎರಡು ಜಡೆಯ ಒಬ್ಬಳು ಬಹಳ ಹೊತ್ತು ಕೇಳಿ
"ನಿಮ್ಮದು ಫ್ರಿಜ್ಜು" ಅಂದು ಓಡಿದಳು.

ಬಂಡೆಯ ನೆತ್ತಿಯಲ್ಲಿ ಲಿನ್ಸಿ ಫ್ಲಾಸ್ಕು ತೆರೆದಳು:
ತಲೆಗೊಂದು ಐಸಿನ ತುಂಡು, ಚೀಪಬೇಕು, ಕಡಿಯಬಾರದು.
ಕೆಳಗೆ ಕೆರೆ, ಆಚೆ ಮನೆಗಳು, ಮನೆಗಳು,
ಅವುಗಳ ತಲೆಯ ಮೇಲೆ ಕಪ್ಪು ಸಿಂಟೆಕ್ಸು.
ಐಸು ಕರಗುವ ತನಕ ಯಾರಿಗೂ ಮಾತು ಬೇಕಿರಲಿಲ್ಲ.

ಮಂಗಳವಾರ, ತೂಕದ ಯಂತ್ರ.
ಏಳುಮಲೈ ಎರಡು ಕಿಲೋ ಹೆಚ್ಚು, ಬೈಗುಳ.
ಪುಟ್ಟಗೌರಮ್ಮನ ಸರದಿ ಬಂತು. "ಏನಮ್ಮ ಕುಡಿದೆ?"
ಅವಳು ಸೆರಗಿನ ಗಂಟು ಬಿಚ್ಚಿ
ಬಿದ್ದು ಒಡೆದ ಒಂದು ಬೂರುಗದ ಕಾಯನ್ನು
ಮೇಜಿನ ಮೇಲಿಟ್ಟಳು.
"ಇದನ್ನ ಕಳೀರಿ" ಅಂದಳು.
ಫ್ಯಾನಿನ ಗಾಳಿಗೆ ಒಂದು ಎಳೆ ಅರಳೆ ಎದ್ದು
ಮೂರನೇ ಮಂಚದ ಕಡೆಗೆ ಹೊರಟಿತು.